ಹೊತ್ತವರಿಗೆ ಚೀಟಿ ಇಲ್ಲ

ಬಂಟ್ವಾಳ ಪೇಟೆಯ ಹಳೆಯ ದಿನಗಳ ಬಗ್ಗೆ ಒಂದು ಲೇಖನ ಬರೆದುಕೊಡು ಅಂತ ಕಳೆದ ಮಳೆಗಾಲದಲ್ಲಿ ಒಬ್ಬರು ಕೇಳಿದರು. ಯಾವುದೋ ಸ್ಮರಣ ಸಂಚಿಕೆಗೆ. ಕೇಳಿದವರು ಕೆಟ್ಟವರಲ್ಲ. ನನ್ನ ನಾಲ್ಕು ಕವಿತೆ ಓದಿದ್ದರು, 'ನಮ್ಮೂರಿನ ಹುಡುಗ' ಅಂತ ಬೆನ್ನು ತಟ್ಟಿದ್ದರು. ಆ ಬೀದಿಯಲ್ಲಿ ಬೆನ್ನು ತಟ್ಟಿಸಿಕೊಂಡದ್ದು ನಮ್ಮ ಮನೆಯಲ್ಲಿ ನಾನೇ ಮೊದಲು. ನನ್ನ ಹಿಂದಿನವರನ್ನು ಮುಟ್ಟಿ ಮೆಚ್ಚುವ ರೂಢಿ ಅಲ್ಲಿ ಇರಲಿಲ್ಲ. ಉಬ್ಬಿ ಹೋಗಿ ಬರೆದುಕೊಟ್ಟೆ. ವಾರ ಕಳೆದು ಫೋನು ಬಂತು. 'ಬರಹ ಲಾಯ್ಕ ಆಗಿದೆ ಮಾರಾಯ. ಆ ಎರಡು ಪ್ಯಾರ ಮಾತ್ರ ಬೇಡ. ಈಗ ಎಲ್ಲ ಸರಿ ಉಂಟಲ್ಲ, ಹಳತನ್ನು ಯಾಕೆ ಕೆದಕುವುದು?'

ಹಳತನ್ನು ಕೆದಕಲಿಕ್ಕೆಂದೇ ಸಂಚಿಕೆ ತರುವವರು ಹಳತನ್ನು ಕೆದಕಬೇಡ ಅನ್ನುತ್ತಿದ್ದಾರಲ್ಲ ಅಂತ ನನಗೆ ಆಗ ಹೊಳೆಯಲಿಲ್ಲ. 'ಆಯ್ತು ಸರ್, ನೋಡುವ' ಅಂದೆ. ಹಾಗೆ ಅಂದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಅವರ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ಅದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ. ಬಾಯಿ ಮುಚ್ಚಿಸಲಿಕ್ಕೆ ಕೇಳಿದ ಪ್ರಶ್ನೆಯಾದರೂ ಅದಕ್ಕೆ ಉತ್ತರ ಹುಡುಕಬೇಕಾದವರು ನಾವೇ.

ಘಟ್ಟದ ಮೇಲಿನ ಗೆಳೆಯರಿಗೆ ನಮ್ಮ ಪೇಟೆ ಅಂದರೆ ಏನು ಅಂತ ಮೊದಲು ಹೇಳಬೇಕು. ಇದು ಗುಡ್ಡ, ತೋಟ, ಗದ್ದೆಗಳ ನಡುವೆ ಮನೆಗಳು ಅಲ್ಲೊಂದು ಇಲ್ಲೊಂದು ಚದುರಿರುವ ಸೀಮೆ. ಜನ ಒತ್ತಾಗಿ ಕೂಡುವ ಜಾಗ ಅಂದರೆ ಪೇಟೆ ಮಾತ್ರ. ಅದಕ್ಕೇ ಇಲ್ಲಿ ಊರಿನ ಹೆಸರೇ ಅಂಗಡಿ: ಬೆಳ್ತಂಗಡಿ, ಉಪ್ಪಿನಂಗಡಿ, ಹೊಸಂಗಡಿ. ಬಂಟ್ವಾಳ ನೇತ್ರಾವತಿಯ ದಡದ ಪೇಟೆ. ಲಾರಿ ಬಸ್ಸುಗಳ ಕಾಲಕ್ಕೆ ಮೊದಲು ಮಂಗಳೂರಿನ ಸರಕು ದೋಣಿಯಲ್ಲಿ ಇಲ್ಲಿಯವರೆಗೆ ಬರುತ್ತಿತ್ತು. ಇಲ್ಲಿಂದ ಮುಂದೆ ಎತ್ತಿನ ಬೆನ್ನು, ಗಾಡಿ, ಮನುಷ್ಯರ ತಲೆ. ಬೆಳ್ತಂಗಡಿ ದಾಟಿ, ಚಾರ್ಮಾಡಿ ಹತ್ತಿ, ಉಪ್ಪು ಒಣಮೀನು ಮೇಲಕ್ಕೆ. ಕಾಫಿ ಏಲಕ್ಕಿ ಕೆಳಕ್ಕೆ. ಇಕ್ಕಟ್ಟಿನ ಬೀದಿ, ಹಂಚಿನ ಮಾಡಿನ ಅಂಗಡಿಗಳು, ವೆಂಕಟರಮಣ ದೇವಸ್ಥಾನ. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಇದೇ ಬಂಟ್ವಾಳದಲ್ಲಿ. ಬಡಗಲಿಗೆ ಹೋದರೆ ಮೂಡುಬಿದಿರೆ, ಅಲ್ಲಿ 18 ಬಸದಿ, 1430ರ ಸಾವಿರ ಕಂಬದ ಬಸದಿ. ಇಷ್ಟು ಬರೆದರೆ ಸಂಚಿಕೆಗೆ ಸಾಕು. ಇಷ್ಟನ್ನು ನಾನೂ ಬರೆದಿದ್ದೆ. ಇದರಲ್ಲಿ ಯಾವುದೂ ಸುಳ್ಳಲ್ಲ.

ಬೇಡವೆಂದ ಎರಡು ಪ್ಯಾರದಲ್ಲಿ ಇದ್ದದ್ದು ನನ್ನ ಅಜ್ಜಿ.

ಅಜ್ಜ ಒಬ್ಬ ಧಣಿಯ ಮೂಲದಾಳು. ಮೂಲದಾಳು ಅಂದರೆ ಭೂಮಿಯ ಜತೆಗೇ ಬಂದ ಆಳು. ಅಪ್ಪ ಆ ಮನೆಗೆ ಆಳಾದರೆ ಮಗನೂ ಆ ಮನೆಗೇ. 1801ರಲ್ಲಿ ಬುಕಾನನ್ ಎಂಬ ಕುಂಪಣಿಯ ದೊರೆ ಈ ತುಳುನಾಡಿನಲ್ಲಿ ಹಾದುಹೋದಾಗ ಭತ್ತ, ಅಡಿಕೆ, ಮೆಣಸಿನ ಲೆಕ್ಕ ಬರೆದುಕೊಂಡ ಹಾಗೆಯೇ ಇಲ್ಲಿನ ಜೀತದಾಳುಗಳ ಲೆಕ್ಕವನ್ನೂ ಬರೆದುಕೊಂಡ. 1843ರ ಕಾಯ್ದೆ ಬಂದ ಮೇಲೆ ಗುಲಾಮ ಅನ್ನುವ ಪದಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲದಾಯಿತು. ಗದ್ದೆಯಲ್ಲಿ ಬೆಲೆ ಇತ್ತು. ಅಜ್ಜ ಧಣಿಯ ಮನೆಯಿಂದ ಪೇಟೆಯ ಅಂಗಡಿಗೆ ಅಕ್ಕಿಮುಡಿ ಹೊರುತ್ತಿದ್ದ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿಗೆ 42 ಸೇರು. ಅಜ್ಜಿ ಕಟ್ಟಿಗೆ ಹೊರೆ, ತೆಂಗಿನಕಾಯಿ, ಅಡಿಕೆ ಬುಟ್ಟಿ ಹೊರುತ್ತಿದ್ದಳು. ಅಂಗಡಿಯ ಜಗಲಿಗೆ ಮೊದಲು ಒಂದು ಕಲ್ಲು. ಆ ಕಲ್ಲಿನ ಈಚೆ ನಿಂತು ಇಳಿಸಬೇಕು. ಅಲ್ಲಿಂದ ಒಳಗೆ ಒಯ್ಯಲಿಕ್ಕೆ ಬೇರೆ ಜನ. ಅಜ್ಜ ಹೊತ್ತ ಮುಡಿ ಒಳಗೆ ಹೋಗುತ್ತಿತ್ತು, ಅಜ್ಜ ಹೋಗುವ ಹಾಗಿಲ್ಲ. ಮುಡಿಗೆ ಮೈಲಿಗೆ ಇಲ್ಲ, ಹೊತ್ತ ತಲೆಗೆ ಉಂಟು. ಈ ತರ್ಕವನ್ನು ನನಗೆ ಯಾವ ತತ್ವಶಾಸ್ತ್ರದ ಮೇಷ್ಟ್ರೂ ಬಿಡಿಸಿ ಹೇಳಲಿಲ್ಲ. ಚಹಾ ಗೆರಟೆಯಲ್ಲಿ. ಚಿಲ್ಲರೆ ದುಡ್ಡು ಮೇಲಿಂದ ಬೀಳುತ್ತಿತ್ತು. ಹಿಡಿಯಲಿಕ್ಕೆ ಕೈ ಚುರುಕು ಬೇಕು, ಮಳೆಗಾಲದಲ್ಲಿ ಕೆಸರಿಗೆ ಬಿದ್ದರೆ ಹುಡುಕಬೇಕು.

ಮತ್ತೆ 1974. ಆ ಮಳೆಗಾಲದ ನೆರೆ ಬಂಟ್ವಾಳದ ಹಳಬರಿಗೆಲ್ಲ ನೆನಪಿದೆ. 1923ರ ನೆರೆಯ ಸುದ್ದಿ ಕೇಳಿ ಬೆಳೆದವರಿಗೆ ಅಂಥದ್ದೇ ಇನ್ನೊಂದು ಕಣ್ಣೆದುರಿಗೇ ಬಂತು. ನೇತ್ರಾವತಿ ಪೇಟೆಯೊಳಗೆ ನುಗ್ಗಿದಳು. ಕಲ್ಲು, ಜಗಲಿ, ಹೊಸ್ತಿಲು ಯಾವುದನ್ನೂ ಕೇಳಲಿಲ್ಲ. ನೀರು ಇಳಿದ ಮೇಲೆ ಅಂಗಡಿಗಳ ಒಳಗೆ ಮೊಣಕಾಲುದ್ದ ಕೆಸರು, ಕೊಳೆತ ಅಕ್ಕಿಯ ನಾತ. ಕೆಸರು ತೆಗೆಯಲಿಕ್ಕೆ ನಮ್ಮವರನ್ನು ಕರೆದರು. ಅಜ್ಜಿಗೆ ಆಗ ಮೂವತ್ತರ ಹತ್ತಿರದ ಪ್ರಾಯ. ಅಷ್ಟು ವರ್ಷ ಕಟ್ಟಿಗೆ ಹಾಕಿದ ಅಂಗಡಿಯ ಒಳಗೋಡೆ ಯಾವ ಬಣ್ಣ ಅಂತ ಅವಳು ನೋಡಿದ್ದು ಅವತ್ತೇ. ಮೂರು ದಿನ ಗೋರಿ ಗೋರಿ ಹಾಕಿದರು. ಕೂಲಿ ಕೊಟ್ಟರು. ಆಮೇಲೆ ಅಂಗಡಿ ತೊಳೆದರು. 'ಎರಡು ಸಲ ತೊಳೆದರು ಮಗಾ' ಅನ್ನುತ್ತಾಳೆ ಅಜ್ಜಿ. 'ಒಂದು ಸಲ ಕೆಸರಿಗೆ. ಇನ್ನೊಂದು ಸಲ ನಮಗೆ.'

ಅಸ್ಪೃಶ್ಯತೆ ಅಪರಾಧ ಅಂತ ಕಾಯ್ದೆ ಆದದ್ದು 1955ರಲ್ಲಿ. ನೆರೆಗೆ 19 ವರ್ಷ ಮೊದಲು.

ಅದೇ 1974ರ ಮಾರ್ಚ್ 1ರಂದು ದೇವರಾಜ ಅರಸರ ಸರಕಾರದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿತ್ತು. ಉಳುವವನೇ ಹೊಲದೊಡೆಯ. ನಮ್ಮ ಜಿಲ್ಲೆಯಲ್ಲಿ ಆ ಕಾನೂನು ಕಾಗದದಲ್ಲಿ ಉಳಿಯಲಿಲ್ಲ, ನಿಜವಾಗಿ ನಡೆಯಿತು. ಗೇಣಿದಾರರು ಡಿಕ್ಲರೇಶನ್ ಹಾಕಿ ಭೂಮಿ ಪಡೆದರು, ದೊಡ್ಡ ದೊಡ್ಡ ಮನೆಗಳು ಕುಸಿದವು. ಅದನ್ನು ಹಳಿಯುವವನು ನಾನಲ್ಲ. ಅಜ್ಜನೂ ಕೇಳಲಿಕ್ಕೆ ಹೋಗಿದ್ದನಂತೆ. 'ಗೇಣಿಚೀಟಿ ಉಂಟಾ?' ಅಂತ ಕೇಳಿದರು. ಉತ್ತವನು ಅವನು, ಬಿತ್ತವನು ಅವನು, ಕೊಯ್ದವನು, ಹೊತ್ತವನು ಅವನು. ಆದರೆ ಗೇಣಿ ಕೊಟ್ಟವನಲ್ಲ. ಕೊಡಲಿಕ್ಕೆ ಏನಾದರೂ ಇದ್ದರಲ್ಲವೇ ಗೇಣಿ! ಚೀಟಿ ಇದ್ದವನಿಗೆ ಗದ್ದೆ ಸಿಕ್ಕಿತು. ನಮಗೆ ಕೂತ ಗುಡಿಸಲಿನ ಅಡಿಯ ಸೆಂಟ್ಸ್ ಲೆಕ್ಕದ ಜಾಗ. ಅದೇ ಜಾಗದಲ್ಲಿ ಕೂತು ಅಮ್ಮ ಬೀಡಿ ಕಟ್ಟಿದಳು, ಬೀಡಿ ಕಾರ್ಮಿಕರ ಮಕ್ಕಳ ವಿದ್ಯಾರ್ಥಿವೇತನದಲ್ಲಿ ನಾನು ಡಿಗ್ರಿ ಮಾಡಿದೆ.

ಇತಿಹಾಸವೂ ಹೀಗೆಯೇ ಚೀಟಿ ಕೇಳುತ್ತದೆ ಅನ್ನುವುದು ನನಗೆ ಆ ಫೋನು ಬಂದ ಮೇಲೆ ತಿಳಿಯಿತು. ಅಂಗಡಿ ಇಟ್ಟವನ ಬಳಿ ಕಡದ ಪುಸ್ತಕ ಉಂಟು. ದೇವಸ್ಥಾನಕ್ಕೆ ಶಾಸನ ಉಂಟು. ಮೂಡುಬಿದಿರೆಯಲ್ಲಿ ತಾಳೆಗರಿ ಉಂಟು. ಧವಲ, ಜಯಧವಲ, ಮಹಾಧವಲ ಅನ್ನುವ ಗ್ರಂಥಗಳನ್ನು ನೂರಾರು ವರ್ಷ ಗೆದ್ದಲಿಗೂ ಮಳೆಗೂ ಕೊಡದೆ ಕಾದರು. ಅದು ದೊಡ್ಡ ಕೆಲಸ, ನಾನು ಹಗುರ ಮಾಡುವುದಿಲ್ಲ. ಸಾವಿರ ಕಂಬದ ಬಸದಿಯಲ್ಲಿ ಕೂತು ಕಂಬದಿಂದ ಕಂಬಕ್ಕೆ ಕಣ್ಣಾಡಿಸಿ ಮೈಮರೆತವನು ನಾನು. ಆದರೆ ಕಟ್ಟಿಸಿದವನ ಹೆಸರು ಹೇಳುವ ಬಾಯಿ ಕಲ್ಲು ಹೊತ್ತವನ ಹೆಸರು ಬಂದಾಗ ಸುಮ್ಮನಾಗುತ್ತದೆ.

ನಮ್ಮ ಚೀಟಿ ಅಂದರೆ ಪಾಡ್ದನ. ನಟ್ಟಿ ಗದ್ದೆಯಲ್ಲಿ, ನೇಮದ ರಾತ್ರಿಯಲ್ಲಿ ಬಾಯಿಯಿಂದ ಬಾಯಿಗೆ ಬಂದದ್ದು. ಕಲ್ಕುಡನ ಕಥೆ ನಿಮಗೆ ಗೊತ್ತಿರಬಹುದು. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ. ಇಂಥದ್ದನ್ನು ಇನ್ನೆಲ್ಲೂ ಮಾಡಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಅವನು ಉಳಿದ ಕೈಕಾಲಲ್ಲೇ ವೇಣೂರಿಗೆ ಹೋಗಿ ಇನ್ನೊಬ್ಬ ಗೊಮ್ಮಟನನ್ನು ಕಡೆದ. ಅಣ್ಣನ ಪಾಡು ಕಂಡು ಉರಿದೆದ್ದ ತಂಗಿ ಕಲ್ಲುರ್ಟಿ. ಇಬ್ಬರೂ ದೈವವಾದರು. ಬಂಟ್ವಾಳದ ಹತ್ತಿರ ಪಣೋಲಿಬೈಲಿನಲ್ಲಿ ಆ ತಂಗಿಗೆ ಇಂದಿಗೂ ಜನ ಸಾಲುಗಟ್ಟಿ ಕೈ ಮುಗಿಯುತ್ತಾರೆ. ನಾನಿದನ್ನು ಕಾಲೇಜಿನಲ್ಲಿ ಹೇಳಿದಾಗ ಒಬ್ಬ ಮೇಷ್ಟ್ರು ನಕ್ಕರು. ಕಾರ್ಕಳದ ಮೂರ್ತಿ 1432ರದ್ದು, ವೇಣೂರಿನದು 1604ರದ್ದು. ನಡುವೆ 172 ವರ್ಷ. ಅಷ್ಟು ಕಾಲ ಬದುಕಿದ ಆಚಾರಿ ಯಾರಯ್ಯಾ? ಲೆಕ್ಕ ಸರಿಯೇ. ನಾನು ಒಪ್ಪಿದೆ. ಆದರೆ ಪಾಡ್ದನ ಇಸವಿಯ ಲೆಕ್ಕ ಇಟ್ಟದ್ದಲ್ಲ, ಕೈಯ ಲೆಕ್ಕ ಇಟ್ಟದ್ದು. ಕಡಿಸಿದ ಕೈಯನ್ನು ಅರಸರ ಶಾಸನ ಬರೆದುಕೊಳ್ಳುವುದಿಲ್ಲ ಅಂತ ಹಾಡಿದವರಿಗೆ ಗೊತ್ತಿತ್ತು.

ಈಗ ಆ ಫೋನಿನ ಪ್ರಶ್ನೆಗೆ ಬರುತ್ತೇನೆ. ಹಳತನ್ನು ಮರೆತರೆ ಏನು ತಪ್ಪು? ಮರೆವೂ ಒಂದು ಔಷಧಿಯಲ್ಲವೇ? ಇರಬಹುದು. ಪೇಟೆಯ ಮಾತಿನಲ್ಲೇ ಹೇಳುತ್ತೇನೆ, ಪೇಟೆಯವರಿಗೆ ಬೇಗ ತಿಳಿಯುತ್ತದೆ. ಸಾಲ ಮನ್ನಾ ಮಾಡಬೇಕಾದವನು ಸಾಲ ಕೊಟ್ಟವನು. ಸಾಲ ತೆಗೆದವನೇ ಎದ್ದು ನಿಂತು 'ಮನ್ನಾ ಆಯಿತು, ಇನ್ನು ಪುಸ್ತಕ ಮುಚ್ಚುವ' ಅಂದರೆ ಯಾವ ಸಾಹುಕಾರ ಒಪ್ಪುತ್ತಾನೆ? ಎರಡನೆಯ ಸಲ ತೊಳೆದದ್ದನ್ನು ಮರೆಯಬೇಕೋ ಬೇಡವೋ ಅನ್ನುವುದು ಅಜ್ಜಿಯ ಅಧಿಕಾರ. ತೊಳೆದವರ ಮೊಮ್ಮಕ್ಕಳು ಅದನ್ನು ತಮ್ಮ ಕೈಗೆ ತೆಗೆದುಕೊಂಡು, ಅದಕ್ಕೆ ಸಾಮರಸ್ಯ ಅಂತ ಹೆಸರಿಟ್ಟರೆ ಅದು ಮೂರನೆಯ ಸಲ ತೊಳೆದ ಹಾಗೆ.

ಇಷ್ಟು ಬರೆದು ಗೆದ್ದೆ ಅಂದುಕೊಂಡೆ. ಆಗ ಇನ್ನೊಂದು ಮುಳ್ಳು ಚುಚ್ಚಿತು. ಅಧಿಕಾರ ಅಜ್ಜಿಯದಾದರೆ, ನಾನು ಯಾರು? ಅವಳು ನನ್ನನ್ನು ಬರೆ ಅಂದಿದ್ದಳಾ? ಅವರು ಅವಳ ತಲೆಯಿಂದ ಕಟ್ಟಿಗೆ ಇಳಿಸಿಕೊಂಡರು, ನಾನು ಅವಳ ಬಾಯಿಯಿಂದ ಅವಮಾನ ಇಳಿಸಿಕೊಂಡು ಕವಿತೆ ಮಾಡಿ ಅದೇ ಪೇಟೆಗೆ ಒಯ್ಯುತ್ತಿದ್ದೇನಲ್ಲ? ಗೆಳೆಯರೇ, ನಮ್ಮಲ್ಲಿ ಬರೆಯುವ ಹುಡುಗರು ಈ ಪ್ರಶ್ನೆಯನ್ನು ಸಾಕಷ್ಟು ಕೇಳಿಕೊಂಡಿಲ್ಲ.

ಒಂದು ಸಂಜೆ ಆ ಎರಡು ಪ್ಯಾರವನ್ನು ಅಜ್ಜಿಗೆ ತುಳುವಿನಲ್ಲಿ ಹೇಳಿದೆ. ಎಲೆಯಡಿಕೆ ಜಗಿಯುತ್ತ ಕೇಳಿದಳು. ಅಳುತ್ತಾಳೆ ಅಂದುಕೊಂಡಿದ್ದೆ. ಅವಳಿಗೆ ಸಿಟ್ಟು ಬಂತು.

'ಇಷ್ಟೇಯಾ? ಪೇಂಟೆ ಅಂದರೆ ಇಷ್ಟೇಯಾ ನಿನಗೆ?'

ಪೇಂಟೆಗೆ ಹೋಗುವ ದಿನ ಅವಳು ತಲೆಗೆ ಎಣ್ಣೆ ಹಚ್ಚಿ, ಇದ್ದ ಎರಡು ಸೀರೆಯಲ್ಲಿ ಒಳ್ಳೆಯದನ್ನು ಉಡುತ್ತಿದ್ದಳಂತೆ. ಹೊರೆ ಇಳಿಸಿದ ಮೇಲೆ ನಾಲ್ಕು ಹೆಂಗಸರು ಸೇರಿ ಬೀದಿಯ ಈ ತುದಿಯಿಂದ ಆ ತುದಿಗೆ ಒಂದು ಸುತ್ತು. ಬಳೆ ನೋಡುವುದು, ಕೊಳ್ಳುವುದಲ್ಲ. ಗ್ಯಾಸ್‌ಲೈಟಿನ ಬೆಳಕು. ಹೊಳೆಯ ಕಟ್ಟೆಯಲ್ಲಿ ಕೂತು ಪೇಟೆಯವರ ನಡಿಗೆ ಅಣಕಿಸಿ ನಕ್ಕದ್ದು. ಅಜ್ಜ ಒಮ್ಮೆ ಕದ್ದು ತಂದುಕೊಟ್ಟ ಬೆಲ್ಲ. ಅವಳ ಮೈ ಪ್ರಾಯದ್ದಾಗಿದ್ದುದು ಆ ಬೀದಿಯಲ್ಲಿ. 'ಪೇಂಟೆ ಚೆಂದ ಇತ್ತು' ಅಂದಳು. 'ತೊಳೆದದ್ದನ್ನೂ ಬರೆ. ಚೆಂದ ಇದ್ದದ್ದನ್ನೂ ಬರೆ. ಬರೆಯುವುದಾದರೆ ಪೂರ್ತಿ ಬರೆ.'

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಸಂಚಿಕೆಯವರು ಅವಳ ಅವಮಾನವನ್ನು ಕಿತ್ತಿದ್ದರು. ನಾನು ಅದಕ್ಕೆ ಮೊದಲೇ ಅವಳ ಸಂತೋಷವನ್ನು ಕಿತ್ತುಹಾಕಿದ್ದೆ. ಅವಳನ್ನು ಕಲ್ಲಿನ ಈಚೆ ನಿಲ್ಲಿಸಿ ಅಲ್ಲೇ ಬಿಟ್ಟು ಬಂದಿದ್ದೆ. ಆ ಬೀದಿಯನ್ನು ಪ್ರೀತಿಸುವ ಹಕ್ಕು ಕಡದ ಪುಸ್ತಕ ಇದ್ದವರಿಗೆ ಮಾತ್ರ ಅಂತ ನಾನೂ ಒಳಗೊಳಗೆ ಒಪ್ಪಿಕೊಂಡಿದ್ದೆ ಅಂತಾಯಿತು.

ಯಾಕೆಂದರೆ ನನಗೆ ಹಳೇ ಪೇಟೆಯ ಮೇಲೆ ಪ್ರೀತಿ ಇಲ್ಲ. ನನ್ನ ಪ್ರೀತಿ ಬಿ.ಸಿ. ರೋಡು. ವ್ಯಾಪಾರ, ತಾಲೂಕು ಆಫೀಸು, ಬಸ್ಸು ಎಲ್ಲ ಅಲ್ಲಿಗೆ ಹೋಗಿ ಹಳೇ ಪೇಟೆ ಮಧ್ಯಾಹ್ನದ ಹೊತ್ತು ತೂಕಡಿಸುತ್ತದೆ. ಬಂಟ್ವಾಳ ಕ್ರಾಸ್ ರೋಡು, ಜೋಡುಮಾರ್ಗ. ಧೂಳು, ಫ್ಲೈಓವರು, ಹಾರ್ನು. ಅದಕ್ಕೆ ಇತಿಹಾಸ ಇಲ್ಲ ಅಂತ ಹಳಬರು ಮೂಗು ಮುರಿಯುತ್ತಾರೆ. ಇತಿಹಾಸ ಇಲ್ಲದ್ದಕ್ಕೇ ನನಗಲ್ಲಿ ಉಸಿರಾಟ ಸಲೀಸು. ನಾನು ಕುಡಿದ ಗ್ಲಾಸು ಯಾರದೆಂದು ಯಾರಿಗೂ ಗೊತ್ತಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಹೊಗಳುವವರ ಬಾಯಿ ಕಟ್ಟಿದರಲ್ಲ, ಅದನ್ನು ಓದಿದಾಗ ನನಗೆ ಬಿ.ಸಿ. ರೋಡಿನ ಬಸ್‌ಸ್ಟ್ಯಾಂಡು ನೆನಪಾಗಿತ್ತು. ಹಾಗಂತ ಅದೂ ಸ್ವರ್ಗವಲ್ಲ. ಬಾಡಿಗೆಗೆ ಒಂದು ರೂಮು ಕೇಳಿ ನೋಡಿ. 'ಯಾವ ಜನ?' ಅಂತ ಕೇಳುವ ಮುಖ ಅಲ್ಲೂ ಸಿಗುತ್ತದೆ, ನಗುತ್ತ ಕೇಳುತ್ತದೆ, ಅಷ್ಟೇ ವ್ಯತ್ಯಾಸ.

ಮರುವಾರ ಅಜ್ಜಿಯನ್ನು ರಿಕ್ಷಾದಲ್ಲಿ ಹಳೇ ಪೇಟೆಗೆ ಕರೆದುಕೊಂಡು ಹೋದೆ. ಎಂಬತ್ತರ ಆಸುಪಾಸು, ಕಣ್ಣು ಮಂಜು, ಕಾಲು ಗಟ್ಟಿ. ಅವಳಿಗೆ ಅಂಗಡಿಗಳ ಬೋರ್ಡು ಓದಲಿಕ್ಕೆ ಬರುವುದಿಲ್ಲ. ಹೊತ್ತದ್ದರಿಂದ ಗುರುತು ಹೇಳುತ್ತ ಹೋದಳು. ಇದು ಅಡಿಕೆಯದ್ದು. ಇಲ್ಲಿಗೆ ಕಟ್ಟಿಗೆ, ವಾರಕ್ಕೆ ಎರಡು ಹೊರೆ. ಇಲ್ಲಿ ನಿನ್ನ ಅಜ್ಜನ ಮುಡಿ. ಈಗ ಮೊಬೈಲ್ ಮಾರುವ ಅಂಗಡಿ, ಬಾಗಿಲು ಹಾಕಿದ ಅಂಗಡಿ, ಕುಸಿದ ಮಾಡು, ಎಲ್ಲಕ್ಕೂ ಅವಳಲ್ಲಿ ಒಂದೊಂದು ಭಾರ ಇತ್ತು. ನಾನು ಪೆನ್ನು ತೆಗೆದು ಸಾಲಾಗಿ ಬರೆದುಕೊಂಡೆ. ಎರಡು ಪ್ಯಾರ ತೆಗೆಯುವ ಬದಲು ಮೂರನೆಯದನ್ನು ಸೇರಿಸಿ ಕಳಿಸಿದ್ದೇನೆ. ಸಂಚಿಕೆ ಇನ್ನೂ ಬಂದಿಲ್ಲ.

ಒಂದು ಕಡೆ ಅವಳು ನಿಂತಳು. ಕಲ್ಲು ಈಗಿಲ್ಲ, ಸಿಮೆಂಟು ಹಾಕಿದ್ದಾರೆ. ಕಾಲಿನಲ್ಲಿ ಒಮ್ಮೆ ತಡವಿ ನೋಡಿದಳು. ಮತ್ತೆ ಜಗಲಿ ಹತ್ತಿ ಕುಳಿತುಕೊಂಡಳು. ಅಂಗಡಿಯ ಹುಡುಗ ಏನು ಬೇಕಜ್ಜಿ ಅಂತ ಕೇಳಿದ. ಏನೂ ಬೇಡ ಅಂದಳು. ಸ್ವಲ್ಪ ಹೊತ್ತು ಕಳೆದು ನನ್ನ ಕಡೆ ತಿರುಗಿ, 'ಹುಣಿಸೆಹಣ್ಣಿನ ಅಂಗಡಿ ಬರೆದುಕೊಂಡೆಯಾ?' ಅಂದಳು. ಬರೆದುಕೊಂಡಿರಲಿಲ್ಲ.