ಹಾವು ಸುಳ್ಳು, ಬೆವರು ನಿಜ

ನನ್ನ ಗೆಳೆಯನೊಬ್ಬನ ಬೀರುವಿನಲ್ಲಿ ಒಂದು ಪ್ಲಾಸ್ಟಿಕ್ ಕವರಿದೆ. ಅದರೊಳಗೆ ನಾಲ್ಕು ಇಸಿಜಿ ಕಾಗದಗಳು. ನಾಲ್ಕೂ ಸರಿರಾತ್ರಿಯಲ್ಲಿ ತೆಗೆಸಿದವು, ನಾಲ್ಕೂ ನಾರ್ಮಲ್. ಮೊದಲ ಸಲ ಅವನು ಊಟ ಮುಗಿಸಿ ಟೀವಿ ಮುಂದೆ ಕೂತಿದ್ದನಂತೆ. ಇದ್ದಕ್ಕಿದ್ದ ಹಾಗೆ ಎದೆ ಡವಗುಟ್ಟಿತು, ಉಸಿರು ಸಾಲದಾಯಿತು, ಬೆರಳ ತುದಿ ಜುಮ್ಮೆಂದಿತು, ಬನಿಯನ್ನು ತೊಯ್ದುಹೋಯಿತು. ‘ಇನ್ನು ಮುಗೀತು’ ಅನ್ನಿಸಿತು. ಆಟೋ ಹಿಡಿದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅರ್ಧ ಇಳಿದಿತ್ತು. ಡಾಕ್ಟರು ಕಾಗದ ನೋಡಿ, ‘ಏನೂ ಇಲ್ಲ, ಗಾಬರಿ ಅಷ್ಟೆ’ ಎಂದರು. ಮನೆಯವರು ದೇವರಿಗೆ ಕೈಮುಗಿದರು. ಅವನಿಗೆ ಮಾತ್ರ ಆ ಮಾತು ಚುಚ್ಚಿತು. ‘ಏನೂ ಇಲ್ಲ ಅಂದ್ರೆ ನಾನು ನಾಟಕ ಆಡಿದೆ ಅಂತಲಾ?’ ಎಂದು ಮರುದಿನ ನನ್ನನ್ನು ಕೇಳಿದ.

ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ಕಂಡು ಬೆಚ್ಚುವವನ ದೃಷ್ಟಾಂತ ವೇದಾಂತದಲ್ಲಿ ಬರುತ್ತದೆ. ದೀಪ ತಂದರೆ ಹಾವು ಮಾಯ. ನಾವು ಕೇಳುವುದು ಹಾವು ಇತ್ತೇ, ಇಲ್ಲವೇ ಎಂದು. ಬೆಚ್ಚಿದವನ ಮೈ ಯಾಕೆ ಒದ್ದೆಯಾಗಿದೆ ಎಂದು ಕೇಳುವುದು ಅಪರೂಪ. ಹಾವು ಸುಳ್ಳಿರಬಹುದು, ಬೆವರು ಸುಳ್ಳಲ್ಲ.

ಭಯವೆಂಬುದು ಮೈಯೊಳಗಿನ ಹಳೆಯ ಕಾವಲುಗಾರ. ಅಪಾಯದ ವಾಸನೆ ಬಡಿದರೆ ಸಾಕು, ಅಡ್ರಿನಲಿನ್ ಹರಿದು, ಹೊಡೆದಾಡಲೋ ಓಡಲೋ ದೇಹ ಸಜ್ಜಾಗುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲೇ ಇದನ್ನು ವಿವರಿಸಿದ್ದ. ಎಲೆ ಅಲುಗಿದರೂ ಈ ಕಾವಲುಗಾರ ಕೂಗು ಹಾಕತೊಡಗಿದಾಗ ಕಷ್ಟ. ಉಸಿರು ಬಿರುಸಾಗಿ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ತಗ್ಗುತ್ತದೆ. ತಲೆ ತಿರುಗುವುದು, ಬೆರಳು ಜುಮ್ಮೆನ್ನುವುದು ಅದರಿಂದ. ಅದನ್ನು ಕಂಡು ಇನ್ನಷ್ಟು ಭಯ, ಆ ಭಯಕ್ಕೆ ಇನ್ನಷ್ಟು ಬಿರುಸಿನ ಉಸಿರು. ಗಾಣದೆತ್ತಿನ ಸುತ್ತು. ಕೆಲವು ನಿಮಿಷಗಳಲ್ಲಿ ತುದಿ ಮುಟ್ಟಿ, ತಾನಾಗಿ ಇಳಿಯುತ್ತದೆ. ಇದಕ್ಕೆ ಪ್ಯಾನಿಕ್ ಅಟ್ಯಾಕ್ ಎಂದು ಹೆಸರು.

ಆತಂಕದ ಕಾಯಿಲೆಗೆ ಇದೊಂದೇ ಮುಖವಲ್ಲ. ಕೆಲವರಿಗೆ ನಾಲ್ಕು ಜನರೆದುರು ನಿಂತರೆ ನಾಲಿಗೆ ಏಳದು. ಇನ್ನು ಕೆಲವರಿಗೆ ಗ್ಯಾಸು, ಬಾಡಿಗೆ, ಮಗಳ ಬಸ್ಸು ಎಲ್ಲದರ ಚಿಂತೆ ತಿಂಗಳುಗಟ್ಟಲೆ ಬಿಡದು. ಆರು ತಿಂಗಳು ಹೀಗೇ ಕಳೆದು, ನಿದ್ದೆ ಕೆಟ್ಟು, ಕುತ್ತಿಗೆ ಬಿಗಿದು, ಸಣ್ಣದಕ್ಕೂ ಸಿಡುಕು ಬಂದರೆ ಅದನ್ನು ಬರೀ ಸ್ವಭಾವ ಎನ್ನಲಾಗದು. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎನ್ನುತ್ತೇವೆ. ಇವರಿಗೆ ಸದ್ದಿಲ್ಲದ ಮನೆಯೂ ಸಂತೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನ ಸುಮಾರು 30 ಕೋಟಿ ಜನರಿಗೆ ಆತಂಕದ ಕಾಯಿಲೆಯಿತ್ತು.

ಭಯ ಎಲ್ಲರಿಗೂ ಇದೆ. ಅದು ಬದುಕಿನಿಂದ ಏನೇನು ಕಿತ್ತುಕೊಂಡಿತು ಎಂಬುದೇ ಕಾಯಿಲೆಯ ಅಳತೆ. ಗೆಳೆಯ ಮೊದಲು ಲಿಫ್ಟ್ ಬಿಟ್ಟ. ಆಮೇಲೆ ಸಿನಿಮಾ. ಆಮೇಲೆ ಬಸ್ಸಿನ ಕಿಟಕಿ ಪಕ್ಕದ ಸೀಟು ಹೋಗಿ, ಬಾಗಿಲ ಬಳಿಯದೇ ಬೇಕಾಯಿತು. ಕೊನೆಗೆ ಬಸ್ಸೇ ಬೇಡವಾಯಿತು. ಒಂದೊಂದನ್ನು ಬಿಟ್ಟಾಗಲೂ ‘ಸದ್ಯ, ಬಚಾವಾದೆ’ ಅನ್ನಿಸುತ್ತಿತ್ತಂತೆ. ಆ ನಿಟ್ಟುಸಿರೇ ಭಯಕ್ಕೆ ಮೇವು.

ನಾಲಿಗೆ ಒಣಗಿತು, ಕೈಕಾಲು ತಣ್ಣಗಾದವು, ಹೊಟ್ಟೆ ತೊಳಸಿತು, ಜೀವ ಬಾಯಿಗೆ ಬಂತು: ರೋಗಲಕ್ಷಣಗಳ ಪಟ್ಟಿಯನ್ನು ನಮ್ಮ ಮಾತು ಎಂದೋ ಬರೆದಿಟ್ಟುಕೊಂಡಿದೆ. ಆದರೂ ಯಾರಾದರೂ ಹಾಗೆಂದರೆ ‘ಗ್ಯಾಸ್ಟ್ರಿಕ್ ಇರಬೇಕು’ ಎನ್ನುತ್ತೇವೆ. ಇಲ್ಲವೇ ‘ಧೈರ್ಯ ತಂದ್ಕೋ’ ಎನ್ನುತ್ತೇವೆ, ಅದೇನೋ ಮೂಲೆ ಅಂಗಡಿಯಲ್ಲಿ ಸಿಗುವ ಸಾಮಾನಿನಂತೆ. ನಾನೂ ಗೆಳೆಯನಿಗೆ ಹಾಗೇ ಹೇಳಿದ್ದೆ, ಒಂದಲ್ಲ, ಹತ್ತು ಸಲ.

ಹೃದಯವನ್ನೂ ಥೈರಾಯ್ಡನ್ನೂ ಮೊದಲು ನೋಡಿಸಬೇಕಾದ್ದು ಸರಿ. ಅವೆರಡೂ ಇದೇ ವೇಷ ಹಾಕಬಲ್ಲವು. ಆದರೆ ಹಗ್ಗವೆಂದು ಗೊತ್ತಾದ ಮೇಲೂ ಬೆವರುವವನಿಗೆ ಬರೀ ದೀಪ ಸಾಲದು. ಜೊತೆಗೊಬ್ಬರು ನಿಂತು, ಹಗ್ಗದತ್ತ ಒಂದೊಂದೇ ಹೆಜ್ಜೆ ಇಡಿಸಬೇಕು. ಮನೋಚಿಕಿತ್ಸಕರು ಮಾಡಿಸುವ ಅಭ್ಯಾಸ ಹೆಚ್ಚುಕಡಿಮೆ ಅದೇ: ಇವತ್ತು ಲಿಫ್ಟಿನಲ್ಲಿ ಒಂದು ಮಹಡಿ, ನಾಳೆ ಎರಡು. ಬೇಕಾದವರಿಗೆ ಮಾತ್ರೆಯೂ ಉಂಟು. ಅದರ ಗುಣ ಕಾಣಲು ವಾರಗಳು ಹಿಡಿಯುತ್ತವೆ. ಎಲ್ಲಿಗೆ ಹೋಗುವುದೆಂದು ತಿಳಿಯದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಹೇಳಿಕೊಳ್ಳಬಹುದು.

ಮೊನ್ನೆ ಆ ಗೆಳೆಯನೊಂದಿಗೆ ಮೈಸೂರಿಗೆ ಬಸ್ಸಿನಲ್ಲಿ ಹೋದೆ. ಕಿಟಕಿ ಪಕ್ಕ ಅವನೇ ಕೂತ. ಬಿಡದಿ ಕಳೆಯಿತು. ರಾಮನಗರದಲ್ಲಿ ಬಸ್ಸು ನಿಂತಾಗ ‘ಹೇಗಿದೆ?’ ಎಂದೆ. ಮಾತಾಡದೆ ಅಂಗೈ ಬಿಡಿಸಿ ತೋರಿಸಿದ. ಒದ್ದೆಯಾಗಿತ್ತು. ‘ಏನೂ ಇಲ್ಲ ಬಿಡು’ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು, ಕರ್ಚೀಫು ಕೊಟ್ಟೆ. ಬಸ್ಸು ಹೊರಟಿತು. ಅವನು ಇಳಿಯಲಿಲ್ಲ.