ಬಾಡಿಗೆಯ ಆದಾಯವೂ ಕಾಯಕಧರ್ಮವೂ

ದುಡಿದು ಉಣ್ಣಬೇಕೆಂಬ ನಂಬಿಗೆಯಲ್ಲಿ ಬೆಳೆದ ಗೃಹಸ್ಥನಿಗೆ ನಲವತ್ತರ ಗಡಿ ದಾಟಿದ ಮೇಲೆ ಮುಪ್ಪಿನ ಚಿಂತೆ ತಲೆದೋರುತ್ತದೆ. ಕೂಡಿಟ್ಟ ಹಣಕ್ಕೆ ಒಂದಿಷ್ಟು ಸಾಲವನ್ನು ಸೇರಿಸಿ ಪಟ್ಟಣದಲ್ಲೊಂದು ಮನೆ ಕೊಂಡು, ಅದರ ಬಾಡಿಗೆಯಿಂದ ಕಡೆಗಾಲವನ್ನು ನೆಮ್ಮದಿಯಾಗಿ ಕಳೆಯೋಣವೆಂದು ಅವನು ಯೋಚಿಸುತ್ತಾನೆ. ಜೊತೆಗೆ ಒಂದು ಸಂದೇಹವೂ ಅವನನ್ನು ಕಾಡುತ್ತದೆ. ಕೈಯಾಡಿಸದೆ ತಿಂಗಳು ತಿಂಗಳಿಗೆ ಬರುವ ಈ ಹಣ ಕಾಯಕದ ಫಲವೆನಿಸೀತೆ? ಅಥವಾ ಪರರ ಬೆವರನ್ನು ಕುಳಿತು ಉಣ್ಣುವುದೆನಿಸೀತೆ?

ಬಾಡಿಗೆಯನ್ನು ಪಡೆಯುವುದೇ ಪಾಪವೆಂದು ಹೇಳುವುದು ಸಲ್ಲದು. ಊರು ಬಿಟ್ಟು ಬಂದ ಸಂಸಾರಕ್ಕೆ, ನೌಕರಿಯನ್ನರಸಿ ಬಂದ ತರುಣನಿಗೆ ಬಿಸಿಲು ಮಳೆಗಳಿಂದ ಆಸರೆ ಬೇಕು. ಆ ಆಸರೆಯನ್ನು ಕಟ್ಟಿ, ಕಾಪಾಡಿ, ನ್ಯಾಯವಾದ ಪ್ರತಿಫಲವನ್ನು ಪಡೆಯುವವನು ಸಮಾಜಕ್ಕೆ ಉಪಕಾರಿಯೇ ಆಗಿದ್ದಾನೆ. ಆದರೆ ಮನೆಯನ್ನು ಕೊಂಡ ಮಾತ್ರದಿಂದ ಅದು ಕಾಯಕವಾಗದು. ಕೊಳ್ಳುವ ಮುನ್ನ ಮಾಡುವ ಲೆಕ್ಕ, ಕೊಂಡ ಮೇಲೆ ತೋರುವ ಆರೈಕೆ, ಇವೆರಡೂ ಕೂಡಿದಾಗಲೇ ಅದು ಕಾಯಕ. ಇವುಗಳಲ್ಲಿ ಲೆಕ್ಕವನ್ನು ಕೇವಲ ಲೌಕಿಕವೆಂದು ಬದಿಗಿಡುವವರುಂಟು. ಅದು ತಪ್ಪೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು.

ಒಬ್ಬ ಗೃಹಸ್ಥನು ಮುದ್ರಾಂಕಶುಲ್ಕ, ನೋಂದಣಿ ವೆಚ್ಚಗಳೂ ಸೇರಿ 60 ಲಕ್ಷ ರೂಪಾಯಿಗೆ ಮನೆಯೊಂದನ್ನು ಕೊಂಡನೆಂದು ಭಾವಿಸೋಣ. ಅವನ ಸ್ವಂತ ಹಣ 15 ಲಕ್ಷ. ಉಳಿದ 45 ಲಕ್ಷ ನೂರಕ್ಕೆ 9ರ ಬಡ್ಡಿಯ, 20 ವರ್ಷಗಳ ಸಾಲ. ತಿಂಗಳಿಗೆ 15,000 ರೂಪಾಯಿ ಬಾಡಿಗೆ ಬಂದರೆ ವರ್ಷಕ್ಕೆ 1,80,000; ಎಂದರೆ ಹೂಡಿದ ಮೊತ್ತಕ್ಕೆ ನೂರಕ್ಕೆ 3 ಮಾತ್ರ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿಯಿದ್ದು, ಕಂದಾಯಕ್ಕೂ ದುರಸ್ತಿಗೂ 25,000 ತಗುಲಿದರೆ ಉಳಿಯುವುದು 1,40,000. ಸಾಲದ ಕಂತಾದರೋ ತಿಂಗಳಿಗೆ ಸುಮಾರು 40,500, ವರ್ಷಕ್ಕೆ 4,86,000. ವರುಷ ವರುಷವೂ ಸುಮಾರು ಮೂರೂವರೆ ಲಕ್ಷವನ್ನು ಅವನು ಬೇರೆಡೆಯಿಂದ ತಂದು ತುಂಬಬೇಕು. 45 ಲಕ್ಷದ ಸಾಲ ತೀರುವಷ್ಟರಲ್ಲಿ ತೆತ್ತ ಹಣ ಸುಮಾರು 97 ಲಕ್ಷವಾಗಿರುತ್ತದೆ. ಬಾಡಿಗೆಯೇ ಸಾಲವನ್ನು ತೀರಿಸುವುದೆಂಬ ಜನರ ಮಾತು ಇಲ್ಲಿ ಎಷ್ಟು ಹುಸಿಯೆಂಬುದು ಸ್ಪಷ್ಟ.

ಮನೆಯ ಬೆಲೆ ಮುಂದೆ ಏರುವುದಲ್ಲವೆ ಎಂದು ಕೆಲವರು ಕೇಳುವರು. ಏರಬಹುದು, ಆದರೆ ಏರಿದ ಬೆಲೆ ಮನೆಯನ್ನು ಮಾರಿದಂದು ಕೈಗೆ ಬರುವಂಥದು. ಕಂತಾದರೋ ತಿಂಗಳು ತಪ್ಪದೆ ಬಾಗಿಲಿಗೆ ಬಂದು ನಿಲ್ಲುವಂಥದು. ಈ ಎರಡರ ನಡುವಿನ ಅಂತರವನ್ನು ಹೊರಲಾರದವನು ಏನು ಮಾಡುತ್ತಾನೆ? ವರ್ಷ ತುಂಬುವ ಮೊದಲೇ ಬಾಡಿಗೆಯನ್ನು ಏರಿಸುತ್ತಾನೆ. ಸೋರುವ ಮಾಳಿಗೆಯನ್ನು ಮುಂದಿನ ಮಳೆಗಾಲಕ್ಕೆ ನೋಡೋಣವೆನ್ನುತ್ತಾನೆ. ಮುಂಗಡದ ಹಣವನ್ನು ಕಂತಿಗೆ ಸುರಿಯುತ್ತಾನೆ. ಅವನು ಹುಟ್ಟಿನಿಂದ ಕ್ರೂರಿಯಲ್ಲ, ಲೆಕ್ಕ ತಪ್ಪಿದವನು. ತಪ್ಪು ಅವನದು, ದಂಡ ತೆರುವವನು ಬಾಡಿಗೆದಾರ. ಆದುದರಿಂದಲೇ ಶಕ್ತಿಯನ್ನರಿತು ಸಾಲ ಮಾಡುವುದು ಜಾಣತನ ಮಾತ್ರವಲ್ಲ, ಧರ್ಮವೂ ಆಗಿದೆ.

ಮುಂಗಡದ ವಿಷಯವನ್ನಂತೂ ವಿಶೇಷವಾಗಿ ವಿಚಾರಿಸತಕ್ಕದ್ದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟನ್ನು ಮುಂಗಡವಾಗಿ ಕೇಳುವ ರೂಢಿ ಬಹುಕಾಲ ನಡೆದುಬಂದಿತು. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗಳಿಗೆ ಇದು ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆನ್ನುತ್ತದೆ. ಅದನ್ನು ಅಂಗೀಕರಿಸಿದ ರಾಜ್ಯಗಳಲ್ಲಿ ಮಾತ್ರ ಆ ನಿಯಮಕ್ಕೆ ಬಲ. ಮೊತ್ತ ಎಷ್ಟೇ ಇರಲಿ, ಅದು ಯಾರದೆಂಬುದೇ ಮುಖ್ಯ ಪ್ರಶ್ನೆ. ಸ್ಮೃತಿಕಾರರು ಹದಿನೆಂಟು ವ್ಯವಹಾರಪದಗಳನ್ನು ಎಣಿಸುವಾಗ ಸಾಲದ ಬೆನ್ನಿಗೇ ನಿಕ್ಷೇಪವನ್ನು ಹೇಳಿದ್ದಾರೆ. ನಿಕ್ಷೇಪವೆಂದರೆ ನಂಬಿ ಒಪ್ಪಿಸಿದ ಪರರ ಒಡವೆ. ಮುಂಗಡವನ್ನೂ ಹಾಗೆಯೇ ಭಾವಿಸುವುದು ಲೇಸು. ಅದನ್ನು ಮಗಳ ಮದುವೆಗೋ ಇನ್ನೊಂದು ನಿವೇಶನಕ್ಕೋ ಬಳಸಿ, ಮನೆ ಬಿಡುವವನಿಗೆ ಹೊಸ ಬಾಡಿಗೆದಾರ ಬರಲಿ, ಆಮೇಲೆ ಕೊಡುವೆನೆಂದು ಹೇಳುವವನು ನಂಬಿಗೆಗೆ ಎರಡು ಬಗೆದಂತಾಯಿತು.

ಇನ್ನು ಆರೈಕೆ. ಆದಾಯ ತೆರಿಗೆಯ ನಿಯಮದಂತೆ ಬಾಡಿಗೆಯಲ್ಲಿ ಮಾಲೀಕನು ತೆತ್ತ ನಗರಸಭೆಯ ತೆರಿಗೆಯನ್ನು ಕಳೆದು, ಉಳಿದುದರಲ್ಲಿ ನೂರಕ್ಕೆ 30ರಷ್ಟನ್ನು ವಿನಾಯಿತಿಯಾಗಿ ಬಿಡಲಾಗುತ್ತದೆ. ನಿಜವಾಗಿ ಎಷ್ಟು ಖರ್ಚಾಯಿತೆಂದು ಯಾರೂ ಕೇಳರು. ಲೆಕ್ಕದಲ್ಲಿ 30ನ್ನು ಕಳೆದುಕೊಂಡು, ಸೋರುವ ಮಾಳಿಗೆಗೆ ಒಂದು ಕಾಸನ್ನೂ ಹಾಕದವನನ್ನು ಕಾನೂನು ಹಿಡಿಯದು. ಆದರೆ ಅಂಗೈಯ ಲಿಂಗಕ್ಕೆ ಅದು ಮರೆಯಾದೀತೆ?

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಡದಿ ಲಕ್ಕಮ್ಮನು ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬ ಕಥೆಯನ್ನು ಎಲ್ಲರೂ ಬಲ್ಲರು. ಆ ಅಕ್ಕಿ ಕದ್ದದ್ದಲ್ಲ. ಬೇಕಾದುದಕ್ಕಿಂತ ಹೆಚ್ಚಾದದ್ದು, ಅಷ್ಟೆ. ನೆರೆಮನೆಯವನು ಎರಡನೆಯ ಮನೆ ಕೊಂಡನೆಂದು ತಾನೂ ಕೊಳ್ಳಹೊರಡುವ ಗೃಹಸ್ಥನು ತನ್ನ ಮನೆಯ ಲಕ್ಕಮ್ಮನನ್ನೊಮ್ಮೆ ಕೇಳಿ ನೋಡಬೇಕು.

ಹಾಗೆ ಕೇಳಿಯೂ ಕೊಳ್ಳುವುದೇ ಸರಿಯೆನಿಸಿದರೆ ಕೊಳ್ಳಲಿ. ಬಾಡಿಗೆ ಬಾರದಿದ್ದರೂ ಆರು ತಿಂಗಳ ಕಂತನ್ನು ಕಟ್ಟಬಲ್ಲಷ್ಟು ಹಣ ಮೊದಲೇ ಕೈಯಲ್ಲಿರಲಿ. ಮುಂಗಡವು ಬ್ಯಾಂಕಿನಲ್ಲಿ ಬೇರೆಯಾಗಿಯೇ ಇರಲಿ. ಬಾಡಿಗೆ ಯಾವಾಗ, ಎಷ್ಟು ಏರುವುದೆಂಬುದು ಕರಾರುಪತ್ರದಲ್ಲಿ ಮೊದಲೇ ಬರೆದಿರಲಿ. ಬಾಡಿಗೆದಾರನು ಮಾಳಿಗೆ ಸೋರುತ್ತಿದೆಯೆಂದು ಬಂದು ಹೇಳಿದ ದಿನ ಮನೆಯೊಡೆಯನು ಎದ್ದು ಹೊರಟರೆ, ಆ ದಿನ ಅವನ ಬಾಡಿಗೆಯೂ ಕಾಯಕವಾಗುತ್ತದೆ.