ಮಧುತ್ಯಾಗ: ಹಿತವಾದುದನ್ನೇಕೆ ಬಿಡಬೇಕು?

ಮದ್ಯ, ಮಾಂಸ, ಮಧು ಎಂಬ ಮೂರು ಮಕಾರಗಳ ತ್ಯಾಗವು ಶ್ರಾವಕನ ಅಷ್ಟಮೂಲಗುಣಗಳಲ್ಲಿ ಸೇರಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಪಂಚಾಣುವ್ರತಗಳೊಡನೆ ಹೇಳಿದರೆ, ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಐದು ಉದುಂಬರ ಫಲಗಳ ತ್ಯಾಗದೊಡನೆ ಹೇಳಿದ್ದಾರೆ. ಮದ್ಯಮಾಂಸಗಳ ವಿಷಯದಲ್ಲಿ ಶ್ರಾವಕರ ಮನೆಗಳಲ್ಲಿ ಸಂಶಯವಿಲ್ಲ. ಆದರೆ ಜೇನು ಹೂವಿನ ರಸದಿಂದಾದದ್ದು, ದೇಹಕ್ಕೆ ಹಿತವಾದದ್ದು; ಅದರಲ್ಲಿ ದೋಷವೇನೆಂದು ಎಳೆಯರು ಕೇಳುತ್ತಾರೆ. ಕೇಳುವುದು ಸಹಜ, ಉತ್ತರ ಕೊಡುವುದು ಹಿರಿಯರ ಕರ್ತವ್ಯ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಇಲ್ಲಿ ಶ್ರಾವಕಾಚಾರವು ಎಷ್ಟು ಹಳೆಯದೆಂಬುದಕ್ಕೆ ಕೋಗಳಿಯ ಪ್ರಾಚೀನ ಬಸದಿಯೇ ಸಾಕ್ಷಿ. ಅದೇ ಸೀಮೆಯ ಗುಡೇಕೋಟೆಯ ಕಲ್ಲುಗುಡ್ಡಗಳು ಜೇನುಪ್ರಿಯವಾದ ಕರಡಿಗಳ ನೆಲೆ. ಹೆಜ್ಜೇನು ಬಂಡೆಯ ಚಾಚಿನಲ್ಲಿಯೂ ಎತ್ತರದ ಮರದಲ್ಲಿಯೂ, ಕೋಲುಜೇನು ಪೊದೆಯ ಕಡ್ಡಿಯಲ್ಲಿಯೂ ಹುಟ್ಟು ಕಟ್ಟುತ್ತವೆ. ಹೊಗೆಯಿಕ್ಕಿ ನೊಣಗಳನ್ನೋಡಿಸಿ ಹುಟ್ಟನ್ನು ಹಿಂಡಿದರೆ, ಅದರಲ್ಲಿದ್ದ ಮೊಟ್ಟೆ ಮರಿಗಳೂ ರಸದೊಡನೆ ಅರೆದುಹೋಗುತ್ತವೆ.

ಹೀಗೆಂದು ಜೇನಿನಲ್ಲಿ ಗುಣವೇ ಇಲ್ಲವೆನ್ನುವುದು ಸತ್ಯಾಣುವ್ರತಕ್ಕೆ ಸಲ್ಲದು. ಆಯುರ್ವೇದವು ಅದನ್ನು ಅನುಪಾನವಾಗಿ ಹೇಳಿದೆ. ಕೆಮ್ಮಿಗೆ ಅದು ಶಮನಕಾರಿಯೆಂಬುದನ್ನು ಇಂದಿನ ವೈದ್ಯಶಾಸ್ತ್ರವೂ ಒಪ್ಪುತ್ತದೆ. ಆದರೆ ಅದು ಅಮೃತವೂ ಅಲ್ಲ. ಅದರ ತೂಕದಲ್ಲಿ ಸುಮಾರು 80 ಭಾಗ ಸಕ್ಕರೆಯೇ, ಮಧುಮೇಹಿಗಳು ಎಚ್ಚರದಿಂದಿರಬೇಕು. ಒಂದು ವರ್ಷ ತುಂಬದ ಶಿಶುವಿಗಂತೂ ಜೇನನ್ನು ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ರೋಗಾಣುಬೀಜಗಳಿಂದ ಪ್ರಾಣಾಪಾಯವುಂಟು.

ಪೆಟ್ಟಿಗೆಯ ಜೇನಿನಲ್ಲಿ ಹಿಂಸೆಯೆಲ್ಲಿ ಎಂಬ ಪ್ರಶ್ನೆಯೂ ಇದೆ. ಯಂತ್ರದಲ್ಲಿ ತಿರುಗಿಸಿ ತೆಗೆದರೆ ಹುಟ್ಟು ಉಳಿಯುತ್ತದೆ, ಹಿಂಸೆ ಬಹಳಷ್ಟು ಕಡಿಮೆಯಾಗುತ್ತದೆ, ಇದನ್ನು ಒಪ್ಪಲೇಬೇಕು. ಆದರೂ ಚೌಕಟ್ಟುಗಳನ್ನೆತ್ತಿ ಇಡುವಾಗ ನೊಣಗಳು ನಲುಗುವುದುಂಟು. ತಾನಾಗಿ ಸೋರಿದ ಜೇನಿನಲ್ಲಿಯೂ ಅದನ್ನಾಶ್ರಯಿಸಿದ ಜೀವಿಗಳ ಘಾತದಿಂದ ಹಿಂಸೆಯುಂಟೆಂದು ಅಮೃತಚಂದ್ರಾಚಾರ್ಯರು ಎಂದೋ ಎಚ್ಚರಿಸಿದ್ದಾರೆ. ಇನ್ನೊಂದು ಮಾತೂ ವಿಚಾರಾರ್ಹ. ಒಂದು ನೊಣವು ತನ್ನ ಜೀವಮಾನದಲ್ಲಿ ಕೂಡಿಡುವುದು ಟೀ ಚಮಚದ ಸುಮಾರು ಹನ್ನೆರಡನೆಯ ಒಂದು ಭಾಗ ಮಾತ್ರ. ಹೂವಿಲ್ಲದ ಕಾಲಕ್ಕೆಂದು ಕೂಡಿಟ್ಟ ಆ ಆಹಾರವನ್ನು ಅದು ಯಾರಿಗೂ ಕೊಟ್ಟಿಲ್ಲ. ಕೊಡದುದನ್ನು ಕೊಳ್ಳದಿರುವುದು ಅಚೌರ್ಯದ ತಿರುಳಲ್ಲವೇ?

ಕಾಯಿಲೆಯಲ್ಲಿ ಪ್ರಶ್ನೆ ಕಠಿನವಾಗುತ್ತದೆ. ಕೆಮ್ಮಿನಿಂದ ನಿದ್ರೆಗೆಟ್ಟ ವೃದ್ಧರಿಗೆ ವೈದ್ಯರು ಚೂರ್ಣವನ್ನು ಜೇನಿನಲ್ಲಿ ಕೊಡಹೇಳಿದಾಗ, ವ್ರತವಿರುವವರು ಅದನ್ನು ಅವರಿಗೆ ತಿಳಿಸಿ ಬೇರೆ ಅನುಪಾನವನ್ನು ಕೇಳಬೇಕು. ಬಿಸಿನೀರು, ತುಪ್ಪ, ಬೆಲ್ಲ ಇವುಗಳಲ್ಲಿ ಯಾವುದು ತಕ್ಕದ್ದೆಂಬುದನ್ನು ವೈದ್ಯರೇ ನಿಶ್ಚಯಿಸಲಿ. ತನ್ನ ವ್ರತದ ಹೆಸರಿನಲ್ಲಿ ವ್ರತವಿಲ್ಲದವರ ಔಷಧಕ್ಕೆ ಅಡ್ಡಬರುವುದೂ, ಹೊಟ್ಟೆಪಾಡಿಗಾಗಿ ಜೇನು ಕೀಳುವ ಬಡವನನ್ನು ಹೀಗಳೆಯುವುದೂ ಅಹಿಂಸೆಗೆ ದೂರವಾದವು.

ಕೆಟ್ಟದ್ದನ್ನು ಬಿಡುವುದು ವಿವೇಕ. ಸ್ವಾರ್ಥಿಯೂ ಅದನ್ನು ಮಾಡುತ್ತಾನೆ. ಸಿಹಿಯೆಂದೂ ಹಿತವೆಂದೂ ಬಲ್ಲ ವಸ್ತುವನ್ನು ಕಿರುಜೀವಿಯ ಸಲುವಾಗಿ ಬಿಟ್ಟಾಗಲೇ ಅದು ತ್ಯಾಗವೆನಿಸುತ್ತದೆ. ದಶಲಕ್ಷಣ ಪರ್ವದಲ್ಲಿ ಉತ್ತಮತ್ಯಾಗದ ದಿನ ನಿಯಮವನ್ನು ಕೊಳ್ಳುವ ಶ್ರಾವಕ ಶ್ರಾವಿಕೆಯರು ಈ ಅರ್ಥವನ್ನರಿತು ಮಧುತ್ಯಾಗವನ್ನು ಕೈಕೊಳ್ಳಲಿ; ಮಕ್ಕಳು ಕೇಳಿದಾಗ ನಿಜವನ್ನೇ ಹೇಳಲಿ.